ಹಿತ್ತಲ ಬಾಗಿಲಿನಾಚೆ ಆಕಾಶನೌಕೆ

ಬೈಂಡರ್ ಮಾಮನ ಕೀರ್ತಿಗೆ ಮೂಲಪುರುಷ ಒಂದು ಹುಳು.

ಬಹಳ ವರ್ಷಗಳ ಹಿಂದೆ, ಅವರ ಮೀಸೆ ಇನ್ನೂ ತಾನಾಗಿಯೇ ಕಪ್ಪಗಿದ್ದ ಕಾಲದಲ್ಲಿ, ಸಾರ್ವಜನಿಕ ಗ್ರಂಥಾಲಯದ ಅತ್ಯಂತ ದಪ್ಪನೆಯ ಚರಿತ್ರೆಯ ಪುಸ್ತಕವೊಂದು ಏಣಿಯ ತುದಿಯಿಂದ ಜಾರಿಬಿದ್ದು ಹಾಳೆ ಹಾಳೆಯಾಗಿ ಚೆಲ್ಲಿಹೋಯಿತು. ಇಲಿಗಳು ಪುಟಗಳ ಮೂಲೆಗಳನ್ನು ಮೊದಲೇ ಮೆದ್ದು ಮುಗಿಸಿದ್ದುದರಿಂದ ಪುಟಸಂಖ್ಯೆ ಎಂಬುದು ಎಲ್ಲಿಯೂ ಉಳಿದಿರಲಿಲ್ಲ. ವಿದ್ವಾಂಸರು ಬಂದರು, ಯಾವ ರಾಜ ಯಾರ ಮಗನೆಂದು ತಮ್ಮತಮ್ಮಲ್ಲೇ ಜಗಳವಾಡಿದರು, ಧೂಳಿಗೆ ಸೀನಿದರು, ಹೊರಟುಹೋದರು. ಬೈಂಡರ್ ಮಾಮನಾದರೋ ಒಂದಕ್ಷರವನ್ನೂ ಓದುವ ಗೋಜಿಗೆ ಹೋಗಲಿಲ್ಲ. ಆ ಪುಸ್ತಕವನ್ನು ಒಂದು ಹುಳು ಈ ರಟ್ಟಿನಿಂದ ಆ ರಟ್ಟಿನವರೆಗೆ ಕೊರೆದಿತ್ತು. ತೂತು ಹಾಳೆಯಿಂದ ಹಾಳೆಗೆ ಕೂದಲೆಳೆಯಷ್ಟು ಸರಿಯುತ್ತ ಸಾಗಿತ್ತು. ಮಾಮ ಒಂದು ಮಳೆಗಾಲವಿಡೀ ಪ್ರತಿಯೊಂದು ಹಾಳೆಯನ್ನೂ ದೀಪಕ್ಕೆ ಹಿಡಿದು, ಆ ತೂತಿನ ದಾರಿ ಹಿಡಿದೇ ಇಡೀ ಚರಿತ್ರೆಯನ್ನು ಮತ್ತೆ ಜೋಡಿಸಿ ಹೊಲಿದುಬಿಟ್ಟರು. ಅಂದಿನಿಂದ ಗ್ರಂಥಾಲಯದ ರಟ್ಟು ಕಟ್ಟುವ ಕೆಲಸವೆಲ್ಲ ಅವರದು. 'ಪುಟ ತಪ್ಪದ ಕೈ' ಎಂಬ ಬಿರುದೂ ಅವರದು.

ಆ ಯಶಸ್ಸಿನಿಂದ ಮಾಮ ಒಂದು ಸಿದ್ಧಾಂತವನ್ನು ಕಟ್ಟಿಕೊಂಡರು: ಬೈಂಡರ್ ಆದವನು ಪುಸ್ತಕವನ್ನು ಓದಕೂಡದು. "ಓದೋಕೆ ಕೂತರೆ ಕೈ ನಿಲ್ಲುತ್ತೆ. ಕೈ ನಿಂತರೆ ಗೋಂದು ಒಣಗುತ್ತೆ. ಬಡಿಸೋನು ರುಚಿ ನೋಡ್ತಾ ಕೂತರೆ ಎಲೆ ಮುಂದೆ ಕೂತೋರ ಗತಿ ಏನು?" ಎನ್ನುತ್ತಿದ್ದರು. ಈ ಸಿದ್ಧಾಂತವನ್ನು ಅವರು ಎಂದೂ ಮುರಿದವರಲ್ಲ. ಒಂದು ದಿನ ಬೆಳಗ್ಗೆ ಅದನ್ನು ಮುರಿದವರು ಅವರ ಹೆಂಡತಿ.

ಕಾಫಿ ತಂದಿಟ್ಟು, ಗಂಡ ಲೋಟ ಖಾಲಿ ಮಾಡುವವರೆಗೆ ಹೊತ್ತು ಹೋಗದೆ, ಆಕೆ ಮೇಜಿನ ಮೇಲೆ ಹೊಲಿಗೆಗೆ ಕಾದಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಂಡರು. ಅದರ ಹೆಸರು 'ಕೊನೆಯ ಗ್ರಹದ ನೌಕೆ'. ನಡುವೆ ಎಲ್ಲೋ ತೆರೆದು ಗಟ್ಟಿಯಾಗಿ ಓದಿದರು: "'ಕ್ಯಾಪ್ಟನ್ ಉಸಿರು ಬಿಗಿಹಿಡಿದು ನೌಕೆಯ ಕಬ್ಬಿಣದ ಬಾಗಿಲನ್ನು ತೆರೆದ.'" ಹಾಳೆ ತಿರುವಿದರು. "'ಅಲ್ಲಿ ಈರುಳ್ಳಿಯ ರಾಶಿ ಬಿದ್ದಿತ್ತು. ಸುಲಿ, ಎಂದಳು ಮುದುಕಿ.' ಏನ್ರೀ ಇದು? ಆಕಾಶದಲ್ಲಿ ಹೋಗೋ ನೌಕೆಗೆ ಈರುಳ್ಳಿ ಯಾರು ತಂದುಹಾಕಿದ್ರು?"

ಮಾಮ ಕುಡಿಯುತ್ತಿದ್ದ ಕಾಫಿ ಮೂಗಿಗೆ ಬಂತು.

ಪುಸ್ತಕವೆಂದರೆ ಮಡಚಿದ ಹಾಳೆಗಳ ಚಿಕ್ಕ ಚಿಕ್ಕ ಕಟ್ಟುಗಳು. ಬೈಂಡರುಗಳು ಒಂದೊಂದು ಕಟ್ಟನ್ನೂ ಫಾರಂ ಎನ್ನುತ್ತಾರೆ. ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಪುಸ್ತಕ. 'ಕೊನೆಯ ಗ್ರಹದ ನೌಕೆ'ಯ ಜೊತೆಗೆ ಗ್ರಂಥಾಲಯದಿಂದ ಇನ್ನೊಂದು ಹರಿದ ಪುಸ್ತಕವೂ ಬಂದಿತ್ತು: 'ಹಳದಿ ಕಣಿವೆಯ ಮಾಂತ್ರಿಕ'. ಎರಡೂ ಒಂದೇ ಅಳತೆ, ಒಂದೇ ಕಾಗದ, ಒಂದೇ ಅಚ್ಚು. ಮಾಮ ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟಿದ್ದರು. ನೌಕೆಯ ನಡುವಿನ ಫಾರಂಗಳು ಮಾಂತ್ರಿಕನಿಗೂ, ಮಾಂತ್ರಿಕನ ನಡುವಿನ ಫಾರಂಗಳು ನೌಕೆಗೂ ಹೋಗಿದ್ದವು. ಪುಟಸಂಖ್ಯೆಗಳು ಮಾತ್ರ ಸುಳ್ಳುಸಾಕ್ಷಿಗಳಂತೆ ಒಂದರ ಹಿಂದೊಂದು ತಪ್ಪದೆ ನಿಂತಿದ್ದವು. ನೌಕೆ ಇನ್ನೂ ಮನೆಯಲ್ಲಿಯೇ ಇತ್ತು, ಚಿಂತೆಯಿಲ್ಲ. ಮಾಂತ್ರಿಕನನ್ನು ಮಾತ್ರ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಹೊನ್ನಿನ ಅಕ್ಷರ ಒತ್ತಿ ಗ್ರಂಥಾಲಯಕ್ಕೆ ಕಳಿಸಿ ತಿಂಗಳುಗಳೇ ಆಗಿದ್ದವು.

"ಯಾರೂ ಓದಿರಲ್ಲ ಬಿಡಿ," ಎಂದು ಹೆಂಡತಿ ಸಮಾಧಾನ ಹೇಳಿದರು. "ನಿಮ್ಮ ಥರದೋರೇ ಅಲ್ವಾ ಎಲ್ಲ?"

ಮಾಮ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡೇ ಗ್ರಂಥಾಲಯಕ್ಕೆ ಓಡಿದರು. ಅಲ್ಲಿ ಲೈಬ್ರರಿ ಮೇಡಂ ಕುರ್ಚಿಗಳನ್ನು ಸಾಲಾಗಿ ಹಾಕಿಸುತ್ತಿದ್ದರು.

"ಬನ್ನಿ ಮಾಮ, ನೂರು ವರ್ಷ ಆಯಸ್ಸು ನಿಮಗೆ, ಈಗ ತಾನೇ ನೆನೆಸ್ಕೊಂಡೆ. ಸಂಜೆ ಓದುಗರ ಬಳಗದ ಶಿಫಾರಸು ಸಭೆ. ಅದು ಮುಗೀತಿದ್ದ ಹಾಗೆ ಬರೋ ವರ್ಷದ ಬೈಂಡಿಂಗ್ ಕೆಲಸ ಯಾರಿಗೆ ಅಂತಲೂ ತೀರ್ಮಾನ. ಆ ಹೊಸ ಮೆಷಿನ್ ಬೈಂಡಿಂಗ್ ಅಂಗಡಿಯೋರು ಬೆನ್ನು ಹತ್ತಿದಾರೆ. ನಾನು ಬಿಡ್ತೀನಾ? 'ಇಷ್ಟು ವರ್ಷದಲ್ಲಿ ನಮ್ಮ ಮಾಮನ ಕೈಯಲ್ಲಿ ಒಂದು ಹಾಳೆ ಹಿಂದುಮುಂದಾಗಿಲ್ಲ' ಅಂತ ಎದ್ದುನಿಂತು ಹೇಳ್ತೀನಿ. ಒಂದೇ ಒಂದು ತಪ್ಪು ಸಿಕ್ಕಿದ್ದಿದ್ರೆ ನನ್ನ ಬಾಯಿ ಕಟ್ಟಿಹೋಗ್ತಿತ್ತು ನೋಡಿ."

ಮಾಮನ ಬಾಯಿ ಅದಾಗಲೇ ಕಟ್ಟಿಹೋಗಿತ್ತು. ಕಷ್ಟಪಟ್ಟು ಅದನ್ನು ಬಿಚ್ಚಿ, "ಆ ಹಳದಿ ಕಣಿವೆ ಪುಸ್ತಕ..." ಎಂದರು.

"ಅಯ್ಯೋ, ಇವತ್ತು ಚರ್ಚೆ ಆಗೋದೇ ಅದು! ಟೈಲರ್ ಅಕ್ಕನ ಹತ್ರ ಇದೆ. ಮಂತ್ರದೋರೂ ಯಂತ್ರದೋರೂ ಒಂದಾಗಿರೋದು ಇದೇ ಮೊದಲು. ಪವಾಡ ಮಾಡಿದೆ ಆ ಪುಸ್ತಕ!"

ಈ ಮಾತಿಗೊಂದು ವಿವರಣೆ ಅಗತ್ಯ. ಆ ಓದುಗರ ಬಳಗದವರು ಕೈಗೆತ್ತಿಕೊಳ್ಳುತ್ತಿದ್ದುದು ಮಾಂತ್ರಿಕರ ಕಾದಂಬರಿಗಳನ್ನು ಮತ್ತು ವಿಜ್ಞಾನದ ಕಾದಂಬರಿಗಳನ್ನು ಮಾತ್ರ. ಇದರಿಂದಾಗಿ ಬಳಗದಲ್ಲಿ ಮಂತ್ರಪಕ್ಷ, ಯಂತ್ರಪಕ್ಷ ಎಂಬ ಎರಡು ಪಂಗಡಗಳಿದ್ದವು. ಪೊರಕೆ ಹಾರಿದರೆ ಯಂತ್ರದವರು ನಗುತ್ತಿದ್ದರು. ರೋಬೋಟ್ ಮಾತಾಡಿದರೆ ಮಂತ್ರದವರು ಆಕಳಿಸುತ್ತಿದ್ದರು. ವರ್ಷಕ್ಕೊಂದು ಪುಸ್ತಕವನ್ನು ಊರಿಗೆಲ್ಲ ಶಿಫಾರಸು ಮಾಡಿ, ಗ್ರಂಥಾಲಯದ ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇಡುವುದು ಅವರ ಸಂಪ್ರದಾಯ. ಆ ಆಯ್ಕೆಯ ಸಭೆಯಲ್ಲಿ ಕುರ್ಚಿಗಳು ಮುರಿಯದೆ ಉಳಿದ ವರ್ಷವನ್ನು ಸುಭಿಕ್ಷದ ವರ್ಷವೆಂದು ಮೇಡಂ ಭಾವಿಸುತ್ತಿದ್ದರು.

ಟೈಲರ್ ಅಕ್ಕ ಮಂತ್ರಪಕ್ಷದ ನಾಯಕಿ. ಮಾಮ ಅವರ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಹೊಲಿಗೆಯಂತ್ರ ನಿಂತಿತು. ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ಕಾಲೇಜು ಓದುವ ಮಗಳು ತಲೆಯೆತ್ತಿದಳು.

"ಮಾಮ, ಎಂಥಾ ಪುಸ್ತಕ ಬೈಂಡ್ ಮಾಡಿದೀರಿ!" ಎಂದರು ಅಕ್ಕ, ಬಾಯಲ್ಲಿ ಕಚ್ಚಿಕೊಂಡಿದ್ದ ಸೂಜಿಗಳ ನಡುವಿನಿಂದಲೇ. "ಮಾಂತ್ರಿಕ ಒಬ್ಬ ಮುದುಕಿಯ ಮನೆ ಹಿತ್ತಲ ಬಾಗಿಲು ತೆಗೀತಾನೆ. ನಾನೇನೋ ಹಿತ್ತಲಲ್ಲಿ ಬಾವಿಗೀವಿ ಇರುತ್ತೆ ಅಂತ ಹಾಳೆ ತಿರುಗಿಸಿದ್ರೆ, ಆಕಾಶ! ನಕ್ಷತ್ರ! ಯಾವನೋ ಕ್ಯಾಪ್ಟನ್ 'ಇಂಧನ ಎಷ್ಟಿದೆ?' ಅಂತ ಕೇಳ್ತಿದಾನೆ! ಮೈ ಜುಂ ಅಂತು. ಅವನ್ಯಾರು ಅಂತ ಬರೆದೋರು ಹೇಳೋದೇ ಇಲ್ಲ. ನಮಗೇ ಬಿಟ್ಟಿದಾರೆ."

"ಬಿಟ್ಟುಹೋಗಿರಬಹುದು," ಎಂದರು ಮಾಮ ಕ್ಷೀಣವಾಗಿ.

"ಬಿಟ್ಟುಹೋಗೋದಾ? ಬೇಕಂತಲೇ ಬಿಟ್ಟಿರೋದು ಮಾಮ! ಕೊನೆಗೆ ಕ್ಯಾಪ್ಟನ್ ಕೆಂಪು ಗುಂಡಿ ಒತ್ತುತಾನೆ, ಪಟಕ್ಕನೆ ಮುದುಕಿ ಕಷಾಯ ಉಕ್ಕುತ್ತೆ. ಅಲ್ಲಿ ಒತ್ತಿದ್ದು, ಇಲ್ಲಿ ಉಕ್ಕಿದ್ದು! ಅಂಥದ್ದೊಂದು ಸಾಲು ಬರೆಯೋಕೆ ಪುಣ್ಯ ಮಾಡಿರಬೇಕು."

"ಮಾಮ ಯಾಕೆ ಬೆವರ್ತಿದಾರೆ ಅಮ್ಮಾ?" ಎಂದಳು ಮಗಳು.

"ಆ ಪುಸ್ತಕದ ಹೊಲಿಗೆ ಸ್ವಲ್ಪ ಸಡಿಲ ಇತ್ತು ಕಣಮ್ಮ, ಬಿಗಿ ಮಾಡಿಕೊಡೋಣ ಅಂತ ಬಂದೆ," ಎಂದರು ಮಾಮ.

ಪುಸ್ತಕ ಅಲ್ಲಿರಲಿಲ್ಲ. ಯಂತ್ರಪಕ್ಷದ ನಾಯಕರಾದ ಹಲ್ಲಿನ ಡಾಕ್ಟರು ಸಭೆಗೆ ಮೊದಲು ಇನ್ನೊಮ್ಮೆ ಓದಬೇಕೆಂದು ಹಿಂದಿನ ದಿನವೇ ಒಯ್ದಿದ್ದರು.

ಡಾಕ್ಟರ ದವಾಖಾನೆಯಲ್ಲಿ ಒಂದು ಕಟ್ಟುನಿಟ್ಟು ಉಂಟು: ರೋಗಿಗಳಿಗೆ ಮಾತ್ರ ಒಳಗೆ ಪ್ರವೇಶ. "ಪುಸ್ತಕ ಕೇಳೋಕೆ ಬಂದೋರು ಸಂಜೆ ಬನ್ನಿ," ಎಂದು ನರ್ಸಮ್ಮ ಬಾಗಿಲಿಗೆ ಅಡ್ಡ ನಿಂತರು. ಬಾಗಿಲ ಸಂದಿಯಲ್ಲಿ, ಒಳಗಿನ ಕಿಟಕಿಯ ಮೇಲೆ, ಹೊನ್ನಿನ ಅಕ್ಷರದ ಬೆನ್ನು ಹೊಳೆಯುತ್ತಿದ್ದುದು ಮಾಮನ ಕಣ್ಣಿಗೆ ಬಿತ್ತು. ಮರುಕ್ಷಣವೇ ಅವರು ಕೆನ್ನೆ ಹಿಡಿದುಕೊಂಡು, "ಅಮ್ಮಾ, ನೋವು!" ಎಂದು ನರಳಿದರು.

ಕುರ್ಚಿಯಲ್ಲಿ ಮಲಗಿದ ಮೇಲೆ ವಿಷಯ ಹೇಳಿಬಿಡುವುದು ಅವರ ಎಣಿಕೆಯಾಗಿತ್ತು. ಆದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಾತಾಡುವ ಹಕ್ಕು ಡಾಕ್ಟರಿಗೆ ಮಾತ್ರ ಸೇರಿದ್ದು. ಮಾಮ ಬಾಯಿ ತೆರೆದೊಡನೆ ಅದರೊಳಗೆ ಕನ್ನಡಿ, ಕೊಕ್ಕೆ ಮತ್ತು ಡಾಕ್ಟರ ಎರಡು ಬೆರಳುಗಳು ಕ್ರಮವಾಗಿ ಪ್ರವೇಶಿಸಿದವು.

"ಬೈಂಡರೇ, ನಾನು ಮಂತ್ರ ಗಿಂತ್ರ ಮೂಸಿಯೂ ನೋಡೋನಲ್ಲ, ನಿಮಗೇ ಗೊತ್ತು. ಆದರೆ ಈ ಪುಸ್ತಕ! ಇದು ಮಂತ್ರ ಅಲ್ಲ ರೀ, ಶುದ್ಧ ವಿಜ್ಞಾನ. ಆ ಹಿತ್ತಲ ಬಾಗಿಲು ಅಂದ್ರೆ ಏನು? ಕಾಲದ ಬಿರುಕು! ಒಪ್ತೀರೋ ಇಲ್ವೋ?"

"ಆ... ಆ..." ಎಂದರು ಮಾಮ.

"ಒಪ್ಪಲೇಬೇಕು! ಇಲ್ಲಿ ಒಂದು ಹಲ್ಲು ಅಲ್ಲಾಡ್ತಿದೆ, ಇದೇ ಇರಬೇಕು ನಿಮ್ಮ ನೋವು. ಈಗ ನೋಡಿ, ಕ್ಯಾಪ್ಟನ್ನಿಗೂ ಮಾಂತ್ರಿಕನಿಗೂ ನಡುವೆ ಒಂದು ಸಾವಿರ ವರ್ಷದ ಅಂತರ. ಆದರೂ ಇವನು ಗುಂಡಿ ಒತ್ತಿದ್ರೆ ಅಲ್ಲಿ ಕಷಾಯ ಉಕ್ಕುತ್ತೆ. ಇಷ್ಟು ಧೈರ್ಯವಾಗಿ, ಒಂದು ವಿವರಣೆಯೂ ಇಲ್ಲದೆ, ಥಟ್ಟಂತ ಕತೆ ತಿರುಗಿಸೋ ಎದೆಗಾರಿಕೆ ಯಾರಿಗಿದೆ ರೀ?"

ಆ ಎದೆಗಾರಿಕೆ ಯಾರದೆಂದು ಹೇಳಲು ಮಾಮ ತಲೆಯೆತ್ತಿದರು. ಡಾಕ್ಟರು ಅದನ್ನು ಸಮ್ಮತಿಯೆಂದು ತಿಳಿದು ಇಕ್ಕಳ ಹಾಕಿದರು. ಥಟ್ಟನೆ ತಿರುಗಿದ್ದು ಕತೆಯಲ್ಲ, ಮಾಮನ ದವಡೆಹಲ್ಲು. ಸ್ವಲ್ಪ ಹೊತ್ತಿನ ಮೇಲೆ ಅವರು ಬಾಯಿ ತುಂಬ ಹತ್ತಿ, ಕಂಕುಳ ತುಂಬ ಮಾಂತ್ರಿಕನನ್ನು ಇಟ್ಟುಕೊಂಡು ಹೊರಬಂದರು. ಹೊಲಿಗೆ ಸಡಿಲವೆಂಬುದನ್ನು ಸನ್ನೆಯಲ್ಲಿ ತಿಳಿಸಿ ಪುಸ್ತಕ ಪಡೆಯಲು ನೋವೇ ಇಲ್ಲದ ಒಂದು ಹಲ್ಲನ್ನು ತೆರಬೇಕಾಯಿತು.

ಮಧ್ಯಾಹ್ನವೆಲ್ಲ ಮನೆಯ ಬಾಗಿಲು ಹಾಕಿಕೊಂಡು ಕೆಲಸ ನಡೆಯಿತು. ದಾರ ಕತ್ತರಿಸಿದರು, ಕ್ಯಾಪ್ಟನ್ನನ್ನು ಮಾಂತ್ರಿಕನ ಹೊಟ್ಟೆಯಿಂದ ಹೊರಗೆಳೆದರು, ಈರುಳ್ಳಿಯ ಫಾರಂಗಳನ್ನು ಸ್ವಸ್ಥಾನದಲ್ಲಿಟ್ಟು ಹೊಲಿದರು, ಬೆನ್ನಿಗೆ ಗೋಂದು ಬಳಿದು ಹಳೆಯ ರಟ್ಟನ್ನೇ ಅಂಟಿಸಿದರು. ಅದೇ ಉಸಿರಿನಲ್ಲಿ ನೌಕೆಯನ್ನೂ ಸರಿಪಡಿಸಿ ಹೊಲಿದರು. ಇನ್ನು ಪುಸ್ತಕಗಳನ್ನು ಅದುಮಿ ಇಡಬೇಕು. ಪ್ರೆಸ್ಸಿನಲ್ಲಿ ಶಾಲೆಯವರ ಹಾಜರಿ ಪುಸ್ತಕಗಳು ಸಿಕ್ಕಿಕೊಂಡಿದ್ದವು.

ಮಾಮ ಹತ್ತಿಯ ಹಿಂದಿನಿಂದ ಹೆಂಡತಿಯ ಕಡೆಗೆ ದೀನವಾಗಿ ನೋಡಿದರು.

"ಗೊತ್ತಾಯ್ತು, ಗೊತ್ತಾಯ್ತು. ಮದುವೆ ಆಗಿ ಇಷ್ಟು ವರ್ಷಕ್ಕೆ ನನ್ನ ತೂಕಕ್ಕೆ ಒಂದು ಬೆಲೆ ಬಂತಲ್ಲ," ಎನ್ನುತ್ತ ಆಕೆ ಎರಡು ಹಲಗೆಗಳ ನಡುವೆ ಪುಸ್ತಕಗಳನ್ನಿರಿಸಿ, ಮೇಲೆ ದಿಂಬು ಹಾಕಿ, ರಾಣಿಯಂತೆ ಕುಳಿತರು. ಕುಳಿತವರು ಏಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿತು. "ನಾನು ಎದ್ದರೆ ಪುಸ್ತಕ ಸೊಟ್ಟಗಾಗುತ್ತೆ, ನೀವೇ ಹೋಗಿ," ಎಂದರು. ಬಾಗಿಲು ಬಡಿದ ಸದ್ದಾಯಿತು, "ನೀವೇ ಹೋಗಿ." ಕೊನೆಗೆ ಅವರ ತಂಗಿ ಬಂದಾಗಲೂ ಎದ್ದು ಮಾತಾಡಿಸದೆ, "ಪುಸ್ತಕದ ಮೇಲೆ ಕೂತಿದೀನಿ ಕಣೇ," ಎಂದು ಹೇಳಿ ಆಕೆಯನ್ನು ಗಾಬರಿಪಡಿಸಿ ಕಳಿಸಿದರು.

ಸಂಜೆ ಮಾಮ ಎರಡೂ ಪುಸ್ತಕಗಳನ್ನು ಚೀಲದಲ್ಲಿಟ್ಟುಕೊಂಡು ಗ್ರಂಥಾಲಯಕ್ಕೆ ಹೋದರು. ಸರಿಯಾದ ಪುಸ್ತಕದಲ್ಲಿ ಯಾರೂ ತಪ್ಪು ಹುಡುಕಲಾರರು, ಹಲ್ಲು ಹೋದರೂ ಕೆಲಸ ಉಳಿಯಿತೆಂದು ಮನಸ್ಸು ಹತ್ತಿಗಿಂತಲೂ ಹಗುರವಾಗಿತ್ತು.

ಅಧ್ಯಕ್ಷರಾದ ಭೂಗೋಳದ ಮೇಷ್ಟ್ರು ಎದ್ದುನಿಂತರು. ಅವರು ಯಾವ ಪಕ್ಷಕ್ಕೂ ಸೇರಿದವರಲ್ಲ. ನಕಾಶೆಯಿರುವ ಪುಸ್ತಕವೆಲ್ಲ ಅವರಿಗೆ ಒಳ್ಳೆಯ ಪುಸ್ತಕವೇ. "ಮಿತ್ರರೇ," ಎಂದರು ಅವರು, "ಈ ಸಲ ಕೈಯೆತ್ತಿ ಎಣಿಸುವ ಪ್ರಮೇಯವೇ ಇಲ್ಲ. ಎಲ್ಲರದೂ ಒಂದೇ ಶಿಫಾರಸು. ಹಿತ್ತಲ ಬಾಗಿಲಿನಿಂದ ಕೊನೆಯ ಗ್ರಹಕ್ಕೆ ಹೋಗುವ ದಾರಿಯ ನಕಾಶೆಯನ್ನು ನಾನೇ ಬರೆದು ತಂದಿದ್ದೇನೆ." ಗೋಡೆಯ ಮೇಲೆ ಅವರು ಬಿಡಿಸಿದ ನಕಾಶೆ ಬಾಗಿಲಿನಷ್ಟು ಎತ್ತರವಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಟೈಲರ್ ಅಕ್ಕ ಮತ್ತು ಡಾಕ್ಟರು ಅಕ್ಕಪಕ್ಕದಲ್ಲಿ ಕುಳಿತು ಒಬ್ಬರಿಗೊಬ್ಬರು ಪೆಪ್ಪರಮಿಂಟು ಹಂಚಿಕೊಳ್ಳುತ್ತಿದ್ದರು.

"ಈಗ ಆ ಅಮರವಾದ ಪುಟವನ್ನು ನಮ್ಮ ಬಳಗದ ಅತ್ಯಂತ ಕಿರಿಯ ಸದಸ್ಯೆ ಓದಬೇಕು," ಎಂದರು ಮೇಷ್ಟ್ರು.

ಟೈಲರ್ ಅಕ್ಕನ ಮಗಳು ಎದ್ದುಬಂದು, ಮಾಮ ಚೀಲದಿಂದ ತೆಗೆದುಕೊಟ್ಟ ಮಾಂತ್ರಿಕನನ್ನು ತೆರೆದಳು. "'ಮಾಂತ್ರಿಕ ಮೆಲ್ಲನೆ ಹಿತ್ತಲ ಬಾಗಿಲನ್ನು ತೆರೆದ.'" ಸಭೆ ಉಸಿರು ಬಿಗಿಹಿಡಿಯಿತು. ಹಾಳೆ ತಿರುವಿದಳು. "'ಅಲ್ಲಿ ಈರುಳ್ಳಿಯ ರಾಶಿ ಬಿದ್ದಿತ್ತು. ಸುಲಿ, ಎಂದಳು ಮುದುಕಿ. ಮಾಂತ್ರಿಕ ಸುಲಿಯತೊಡಗಿದ.'"

"ಏನಂದೆ?" ಎಂದರು ಅಕ್ಕ.

ಹುಡುಗಿ ಮುಂದಿನ ಪುಟ ನೋಡಿದಳು, ಅದರ ಮುಂದಿನದನ್ನೂ ನೋಡಿದಳು. "ಇನ್ನೂ ಸುಲೀತಾನೇ ಇದಾನೆ."

ಕುರ್ಚಿಗಳು ಕಿರುಗುಟ್ಟಿದವು. ನಕಾಶೆ ಒಂದು ಮೂಲೆಯಲ್ಲಿ ಕಳಚಿ ಜೋತುಬಿತ್ತು. "ಕ್ಯಾಪ್ಟನ್ ಎಲ್ಲಿ ಹೋದ?" ಎಂದು ಡಾಕ್ಟರು ಗರ್ಜಿಸಿದರು, ಮರುಕ್ಷಣವೇ ಅವರ ಬೆರಳು ಮಾಮನ ಕಡೆಗೆ ತಿರುಗಿತು. "ಬೆಳಗ್ಗೆ ಇವರೇ ತಗೊಂಡುಹೋಗಿದ್ದು!"

ಮಾಮ ಬಾಯಿಂದ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡರು. ಸುಳ್ಳು ಹೇಳಲು ಶಕ್ತಿಯಿರಲಿಲ್ಲ. "ಕ್ಷಮಿಸಿ," ಎಂದರು. "ತಪ್ಪು ನನ್ನದೇ. ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದ್ದೆ, ನಡುವಿನ ಫಾರಂಗಳು ಅದಲುಬದಲಾದವು. ಇವತ್ತು ಸರಿ ಮಾಡಿದೆ. ಇದೇ ನಿಜವಾದ ಕತೆ. ಆ ಕ್ಯಾಪ್ಟನ್ ಈ ಪುಸ್ತಕದವನೇ ಅಲ್ಲ. ನನ್ನ ಕೈ ತಪ್ಪಿದ್ದು."

ಆಮೇಲೆ ಲೈಬ್ರರಿ ಮೇಡಂ ಎದ್ದುನಿಂತರು. ಅವರ ಕಣ್ಣಿನಲ್ಲಿ ನೀರಿತ್ತು.

"ಸುಳ್ಳು! ಯಾರನ್ನೋ ಉಳಿಸೋಕೆ ತಪ್ಪು ಮೈಮೇಲೆ ಎಳ್ಕೋತಿದಾರೆ ನಮ್ಮ ಮಾಮ. ಹುಳದ ತೂತು ನೋಡಿ ಚರಿತ್ರೆ ಜೋಡಿಸಿದ ಕೈ ರೀ ಅದು! ಆ ಕೈ ಮೊದಲ ಸಲ ಜೋಡಿಸಿದ್ದೇ ಸರಿ. ತಪ್ಪಾಗಿದ್ರೆ ಇವತ್ತು ಆಗಿದೆ, ಪಾಪ, ಹಲ್ಲುನೋವಲ್ಲಿ."

"ಅಲ್ಲ ಮೇಡಂ, ಇಲ್ಲಿದೆ ನೋಡಿ ಸಾಕ್ಷಿ!" ಎಂದು ಮಾಮ ಚೀಲದಿಂದ 'ಕೊನೆಯ ಗ್ರಹದ ನೌಕೆ'ಯನ್ನು ತೆಗೆದು ಮೇಜಿನ ಮೇಲಿಟ್ಟರು.

ಡಾಕ್ಟರು ಅದನ್ನು ತೆರೆದರು. ನಡುವೆ ಕ್ಯಾಪ್ಟನ್ ಇದ್ದ, ಇಂಧನವಿತ್ತು, ಕೆಂಪು ಗುಂಡಿಯಿತ್ತು.

"ನೋಡಿದ್ರಾ!" ಎಂದು ಅವರು ಪುಸ್ತಕವನ್ನು ಎತ್ತಿಹಿಡಿದರು. "ನಮ್ಮ ಪುಸ್ತಕದಿಂದ ಕಿತ್ತು ಇದಕ್ಕೆ ಹೊಲಿದಿದಾರೆ! ಗೋಂದು ಇನ್ನೂ ಹಸಿ!"

"ಸ್ವಲ್ಪ ಯೋಚನೆ ಮಾಡಿ ಮಾಮ," ಎಂದರು ಟೈಲರ್ ಅಕ್ಕ, ಕೋಪಕ್ಕಿಂತ ಕನಿಕರದಿಂದ. "ಅಲ್ಲಿ ಒತ್ತಿದ್ದಕ್ಕೆ ಇಲ್ಲಿ ಉಕ್ಕೋ ಅಂಥ ಮಾತು ಕೈತಪ್ಪಿನಿಂದ ಹುಟ್ಟುತ್ತಾ? ಮಾಂತ್ರಿಕ ಅಷ್ಟೊಂದು ಪುಟ ಈರುಳ್ಳಿ ಸುಲಿಯೋ ಕತೆಯನ್ನ ಯಾರಾದರೂ ಬೇಕಂತ ಬರೀತಾರಾ? ನೀವು ಓದೋರಲ್ಲ, ನಿಮಗೆ ತಿಳಿಯಲ್ಲ."

ಮೇಷ್ಟ್ರು ಜೋತುಬಿದ್ದ ನಕಾಶೆಯನ್ನು ನೆಟ್ಟಗೆ ಮಾಡುತ್ತ ತೀರ್ಪು ಕೊಟ್ಟರು. ಬೆಳಗಾಗುವುದರೊಳಗೆ ಪುಸ್ತಕ ಮೊದಲಿದ್ದಂತೆಯೇ ಆಗಬೇಕು. ಹಾಗಾದಲ್ಲಿ ಬರುವ ವರ್ಷದ ಕೆಲಸವೂ ಮಾಮನದೇ. ಇಲ್ಲದಿದ್ದರೆ ಅದು ಮೆಷಿನ್ ಅಂಗಡಿಗೆ. "ಇದೊಂದು ಸಲ ಹೊಟ್ಟೆಗೆ ಹಾಕ್ಕೊಂಡಿದೀವಿ. ಇನ್ನು ಮುಂದೆ ಮುಗಿದ ಪುಸ್ತಕಕ್ಕೆ ಕೈ ಹಾಕಬೇಡಿ."

ನಿಜ ನುಡಿದು ಸುಳ್ಳುಗಾರನೆನಿಸಿಕೊಂಡು, ಸರಿ ಮಾಡಿ ತಪ್ಪಿತಸ್ಥನಾಗಿ, ಮಾಮ ಎರಡು ಪುಸ್ತಕಗಳನ್ನೂ ಮತ್ತೆ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಹತ್ತಿ ಇಲ್ಲದ ದವಡೆ ಜುಂ ಎನ್ನುತ್ತಿತ್ತು. ಬೀದಿದೀಪಗಳು ಆಗತಾನೇ ಹೊತ್ತಿಕೊಳ್ಳುತ್ತಿದ್ದವು.

"ಮಾಮಾ, ನಿಲ್ಲಿ!"

ಟೈಲರ್ ಅಕ್ಕನ ಮಗಳು ಏದುಸಿರು ಬಿಡುತ್ತ ಬಂದಳು. "ನೀವು ಹೇಳಿದ್ದು ನಿಜ ಅಂತ ನನಗೆ ಗೊತ್ತು."

ಮಾಮನ ಕಣ್ಣುಗಳು ತುಂಬಿ ಬಂದವು. ಆ ದಿನದಲ್ಲಿ ಅವರನ್ನು ನಂಬಿದ ಮೊದಲ ಜೀವ ಅದು. "ಹೇಗೆ ಗೊತ್ತಾಯ್ತಮ್ಮ?"

"ಹೋದ ವರ್ಷ ಗಾಜಿನ ಪೆಟ್ಟಿಗೆಗೆ ಬಂದ ರೋಬೋಟ್ ಕಾದಂಬರಿ ಇತ್ತಲ್ಲ? ಅದರಲ್ಲಿ ರೋಬೋಟು ಮೊದಲು ಅಳುತ್ತೆ, ಆಮೇಲೆ ಪ್ರೀತಿಸುತ್ತೆ. ಎಷ್ಟು ಹೊಸದಾಗಿದೆ ಅಂತ ಯಂತ್ರದೋರೆಲ್ಲ ಕುಣಿದಾಡಿದ್ರು. ನಾನು ಗೆಳತಿಗೆ ಕೊಡೋಕೆ ಅಂತ ಅಂಗಡಿಯಿಂದ ಒಂದು ಪ್ರತಿ ತಂದೆ. ಅದರಲ್ಲಿ ಎಲ್ಲರ ಹಾಗೇ ಮೊದಲು ಪ್ರೀತಿಸಿ ಆಮೇಲೆ ಅಳುತ್ತೆ. ಅದರ ಹಿಂದಿನ ವರ್ಷದ್ದನ್ನೂ ತಂದು ಹೋಲಿಸಿದೆ. ಅದೂ ಹಾಗೇ, ಗ್ರಂಥಾಲಯದ್ದು ಮಾತ್ರ ಹಿಂದುಮುಂದು. ಎಲ್ಲ ನೀವು ಕಟ್ಟಿದ್ದೇ ಮಾಮ."

ಮಾಮ ದೀಪದ ಕಂಬವನ್ನು ಹಿಡಿದುಕೊಂಡರು. ಬೆಳಗ್ಗೆ ಮನೆಯಿಂದ ಹೊರಟಾಗ ಅವರ ಬಾಳಿನಲ್ಲಿ ಒಂದೇ ಒಂದು ತಪ್ಪಿತ್ತು.

"ಯಾರಿಗಾದರೂ ಹೇಳಿದೆಯಾ ತಾಯೀ?"

"ಹೇಳಿ ನನಗೇನು ಬರುತ್ತೆ?" ಎಂದಳು ಹುಡುಗಿ. ಅತ್ತಿತ್ತ ನೋಡಿ, ತನ್ನ ಚೀಲದಿಂದ ಎರಡು ಹಳೆಯ ಪುಸ್ತಕಗಳನ್ನು ಹೊರತೆಗೆದಳು. ಒಂದರ ಮೇಲೆ ರೆಕ್ಕೆಯ ಕುದುರೆ, ಇನ್ನೊಂದರ ಮೇಲೆ ನೀರೊಳಗಿನ ನಗರ. ಎರಡೂ ಒಂದೇ ಅಳತೆಯವು. ಅವನ್ನು ಮಾಮನ ಕೈಯಲ್ಲಿಟ್ಟು, ಅವರನ್ನು ಅಲ್ಲೇ ಕಟ್ಟೆಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು.

"ಬರೋ ವರ್ಷ ಶಿಫಾರಸು ನಂದೇ ಆಗಬೇಕು. ಸಭೆಯಲ್ಲಿ ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ಆ ಎರಡು ಪುಸ್ತಕ ಬಿಚ್ಚಿಟ್ಟು ಕೈ ತಪ್ಪಿದ್ದು ಹೇಗೆ ಅಂತ, ನಿಧಾನವಾಗಿ, ಇನ್ನೊಂದು ಸಲ ಹೇಳಿ ಮಾಮ."